ಮಾತಾಡಿದ್ದಕ್ಕೆ ಸಿಕ್ಕ ಪದಕ

ನಮ್ಮ ಮಾವನವರಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹುಲಕೋಟಿಯಿಂದ ಮದುವೆಯಾಗಿ ಬೆಟಗೇರಿಯ ಈ ನೇಕಾರರ ಮನೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಉಣ್ಣುತ್ತ ಕೂತವರು ನಡುವೆಯೇ ಎದ್ದು ಬಾಗಿಲ ತನಕ ಹೋಗಿ ಬರುವರು. ಚಹಾದ ಕಪ್ಪು ಕೈಯಲ್ಲೇ ಹಿಡಿದು ಹಿತ್ತಲಿಗೆ, ಹಿತ್ತಲಿಂದ ಕಟ್ಟೆಗೆ, ಕಟ್ಟೆಯಿಂದ ಓಣಿಯ ತಿರುವಿಗೆ. ಖಾಲಿ ಕಪ್ಪು ಎಷ್ಟೋ ಸಲ ಬೇರೆಯವರ ಕಟ್ಟೆಯ ಮೇಲೆ ಸಿಗುತ್ತಿತ್ತು. ನಮ್ಮ ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಈ ಮನುಷ್ಯನನ್ನು ಹೇಗೆ ಸಂಭಾಳಿಸಬೇಕು ಅಂತ ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಮಗ್ಗ ಇತ್ತು, ಆದರೆ ಅವರು ಅದರಲ್ಲಿ ಕೂಡುತ್ತಿರಲಿಲ್ಲ. ನೇಯುತ್ತಿದ್ದವರು ಅವರ ಅಣ್ಣ. ಇವರ ಎಡಗೈಯ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡು ಮಡಚಿಹೋಗಿದ್ದವು. ಲಾಳಿ ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕೇ ವಯಸ್ಸಿನಲ್ಲಿದ್ದಾಗ ಸೀರೆಯ ಗಂಟು ಹೊತ್ತು ಮುಂಡರಗಿ, ಶಿರಹಟ್ಟಿ, ಬೆಳ್ಳಟ್ಟಿ ಅಂತ ಊರೂರು ತಿರುಗಿ ಮಾರಿ ಬರುತ್ತಿದ್ದರಂತೆ. ಲಕ್ಷ್ಮೇಶ್ವರಕ್ಕೆ ಮಾತ್ರ ಎಂದೂ ಹೋದವರಲ್ಲ. ಅಲ್ಲಿಯ ಗಿರಾಕಿಗಳ ಕಡೆ ಅಣ್ಣನನ್ನೇ ಕಳಿಸುವರು. ಯಾಕೆ ಅಂತ ಕೇಳಿದರೆ, "ಆ ಊರಿನ ನೀರು ನನಗ ಹೊಂದೂದಿಲ್ಲ" ಅನ್ನುವರು.

ಕೈ ಸುಟ್ಟದ್ದು ಯುದ್ಧದಲ್ಲಿ. ಎರಡನೇ ಮಹಾಯುದ್ಧದಲ್ಲಿ ನಮ್ಮ ಮಾವ ಬರ್ಮಾದ ಗಡಿಯ ಮೇಲೆ ಬಾಂಬು ಹಾಕುವ ವಿಮಾನದಲ್ಲಿ ಗನ್ನರ್ ಆಗಿದ್ದರು. ಇಬ್ಬರೇ ಕೂಡುವ ವಿಮಾನ. ಮುಂದೆ ಪೈಲಟ್, ಅವನ ಬೆನ್ನಿಗೆ ಬೆನ್ನು ಮಾಡಿ ಹಿಂದಿನ ಸೀಟಿನಲ್ಲಿ ಬಂದೂಕು ಹಿಡಿದ ಇವರು. ಶೌರ್ಯಕ್ಕೆ ಅಂತ ಬ್ರಿಟಿಷ್ ಸರ್ಕಾರ ಒಂದು ಪದಕ ಕೊಟ್ಟಿತ್ತು. ಬೆಟಗೇರಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವರು ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಉಳಿದವರೇ ಕತೆ ಹೇಳುತ್ತಿದ್ದರು. ಕಟಿಂಗ್ ಅಂಗಡಿಯಲ್ಲಿ ಒಂದು ವಿಮಾನ ಉರುಳಿಸಿದ್ದರೆ, ಚಹಾದ ಅಂಗಡಿಗೆ ಬರುವುದರೊಳಗೆ ಅವು ಮೂರಾಗಿರುತ್ತಿದ್ದವು. ನನ್ನ ಗಂಡ ಈ ಕತೆಗಳನ್ನು ಕೇಳಿಕೊಂಡೇ ಬೆಳೆದವರು. ಮೂರು ವಿಮಾನ ಉರುಳಿಸಿದವರ ಮಗ ಅನ್ನುವುದು ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆ ಆದ ಕಾಲ. ಊರಿಗೆ ಊರೇ ಹುರುಪಿನಲ್ಲಿತ್ತು. ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ ಜಿಲ್ಲೆಯ ಹಿರಿಯ ಸೈನಿಕರಿಗೆ ಶಾಲು ಹೊದಿಸಿ ಮರ್ಯಾದೆ ಮಾಡುವುದೆಂದು ನಿರ್ಧಾರ ಆಯಿತು. ನನ್ನ ಗಂಡ ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ವೇದಿಕೆಯ ಮೇಲೆ ಓದುವ ಪರಿಚಯವನ್ನು ಅವರೇ ಬರೆದುಕೊಟ್ಟರು. ಅಪ್ಪನಿಗೆ ಒಂದು ಸಲವೂ ತೋರಿಸಲಿಲ್ಲ.

ಮಾವ ಬರಲು ಒಪ್ಪಿದ್ದೇ ದೊಡ್ಡದು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಎದೆಗೆ ಪದಕ. ಮೈದಾನದಲ್ಲಿ ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಅವರು ಕುರ್ಚಿಯಲ್ಲಿ ಅತ್ತಿಂದಿತ್ತ ಸರಿದಾಡುವುದು ಅಲ್ಲಿಂದಲೂ ಕಾಣುತ್ತಿತ್ತು. ಇವರು ನಡುವೆ ಎದ್ದು ಹೋಗಿಬಿಟ್ಟರೆ ಹೇಗೆ ಅಂತ ನನಗೆ ಒಳಗೊಳಗೇ ಪುಕುಪುಕು.

ನಿರೂಪಣೆ ಮಾಡುವವರು ಗಟ್ಟಿ ದನಿಯಲ್ಲಿ ಓದಿದರು. ಮೂರು ಶತ್ರುವಿಮಾನಗಳನ್ನು ಆಕಾಶದಲ್ಲೇ ಸುಟ್ಟು ಬೂದಿ ಮಾಡಿದ ನಮ್ಮ ಮಣ್ಣಿನ ವೀರ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಇನ್ನೇನು ಕೂಡಬೇಕು, ಮಾವ ನೆಟ್ಟಗೆ ಮೈಕಿನ ಕಡೆ ನಡೆದರು.

"ಓದಿದ್ದು ತಪ್ಪೈತ್ರಿ" ಅಂದರು. "ನಾ ಒಂದೂ ವಿಮಾನ ಉರುಳಿಸಿಲ್ಲ."

ಮೈದಾನದಲ್ಲಿ ಅಲ್ಲಲ್ಲಿ ನಗೆ. ವೇದಿಕೆಯ ಕೆಳಗೆ ನಿಂತಿದ್ದ ಪತ್ರಿಕೆಯವನೊಬ್ಬ ಕೇಳಿದ, "ಹಂಗಾರ ಪದಕ ಯಾತಕ್ಕ ಕೊಟ್ರು ಅಜ್ಜಾರ?"

"ಮಾತಾಡಿದ್ದಕ್ಕ" ಅಂದರು ಮಾವ. ಅಷ್ಟೇ ಹೇಳಿ ಮೆಟ್ಟಿಲಿಳಿದು, ಶಾಲು ಹೆಗಲ ಮೇಲೆ ಹಾಕಿಕೊಂಡು ಬೆಟಗೇರಿಯ ಹಾದಿ ಹಿಡಿದರು. ಸಮಾರಂಭ ಇನ್ನೂ ಮುಗಿದಿರಲಿಲ್ಲ.

ಊರು ಬಿಡುತ್ತದೆಯೇ? "ಮಾತಾಡಿದ್ದಕ್ಕ ಪದಕ ಕೊಡೂದಿದ್ರ ನಮ್ಮ ಓಣ್ಯಾಗ ಮನಿಗೊಂದು ಪದಕ ಬರ್ತಿತ್ತು" ಅಂತ ನೀರಿನ ನಳದ ಹತ್ತಿರ ಹೆಂಗಸರು ನಕ್ಕರು. ನನ್ನ ಗಂಡ ಪ್ರೆಸ್ಸಿನಿಂದ ಮನೆಗೆ ತಡವಾಗಿ ಬರತೊಡಗಿದರು. ಅಪ್ಪನ ಸಂಗಡ ಮಾತು ಬಿಟ್ಟರು. ಒಂದು ದಿನ ಮಾತ್ರ ನನ್ನ ಮುಂದೆಯೇ ಅಪ್ಪನಿಗೆ ಅಂದರು, "ಉರುಳಿಸಿಲ್ಲ ಅಂದ್ರ ಇಲ್ಲ. ಅದನ್ನ ಮಂದಿ ಮುಂದ ಹೇಳೂದು ಏನಿತ್ತು? ನನ್ನ ಮುಂದ ಒಂದ್ಸಲ ಹೇಳಿದ್ರ ಆಗ್ತಿರಲಿಲ್ಲ?" ಮಾವ ಎದ್ದು ಹಿತ್ತಲಿಗೆ ಹೋದರು.

ಅದೇ ವಾರ ಆ ಪತ್ರಿಕೆಯವನು ಮನೆಗೆ ಬಂದ. ಪೂರಾ ಕತೆ ಹೇಳ್ರಿ, ಬರೀತೀನಿ ಅಂದ. ಮಾವ ಅವನಿಗೆ ಮುಂದಿನ ವಾರ ಬಾ ಅಂತ ಹೇಳಿ ಕಳಿಸಿದರು. ಅವತ್ತಿನಿಂದ ಅವರ ಓಡಾಟ ಇನ್ನಷ್ಟು ಹೆಚ್ಚಿತು. ಹಿತ್ತಲ ಬಾಗಿಲು, ಮುಂಬಾಗಿಲು, ಹಿತ್ತಲ ಬಾಗಿಲು. ಒಳಗೆ ಅಡಿಗೆ ಮಾಡುತ್ತಿದ್ದರೂ ಅವರ ಕಾಲಿನ ಕೆರದ ಸಪ್ಪಳದ ಕಡೆಗೇ ನನ್ನ ಕಿವಿ. ರವಿವಾರ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತರು.

"ಲಕ್ಷ್ಮೇಶ್ವರಕ್ಕ ಹೋಗೂದೈತವಾ. ನಿನಗ ಇವತ್ತ ಸಾಲಿ ಇಲ್ಲಲ್ಲ, ಬರ್ತಿಯೇನು?"

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆ ಇಲ್ಲ ನಿಜ. ಆದರೆ ಲಕ್ಷ್ಮೇಶ್ವರ ಅಂದದ್ದು ಕೇಳಿ ಕೈಯಲ್ಲಿನ ರೊಟ್ಟಿ ಹಂಚಿನ ಮೇಲೆ ಸೊಟ್ಟ ಬಿತ್ತು. "ಬರ್ತೀನ್ರಿ ಮಾಮಾರ" ಅಂದೆ. ಯಾಕೆ ಅಂತ ಕೇಳುವ ಧೈರ್ಯ ಆಗಲಿಲ್ಲ. ಗಂಡನಿಗೆ ಹೇಳಿದರೆ, "ಹೋಗ್ರಿ. ಇಬ್ಬರೂ ಹೋಗ್ರಿ" ಅಂದು ಗೋಡೆಯ ಕಡೆ ಹೊರಳಿ ಮಲಗಿದರು.

ಬಸ್ಸಿನಲ್ಲಿ ಮುಂದೆ ಜಾಗ ಇದ್ದರೂ ಮಾವ ಕಡೆಯ ಸೀಟಿಗೇ ಹೋದರು. ಮುಳಗುಂದ ದಾಟುವ ತನಕ ಹಿಂದಿನ ಕಿಟಕಿಯಿಂದ ರಸ್ತೆ ನೋಡುತ್ತ ಕೂತಿದ್ದರು. ಎರೆ ಹೊಲಗಳಲ್ಲಿ ಹೆಸರು ಕೀಳುವ ಸುಗ್ಗಿ. ಆಮೇಲೆ ತಾವಾಗಿಯೇ ಮಾತು ತೆಗೆದರು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅವರು ನನ್ನ ಸಂಗಡ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಲಕ್ಷ್ಮೇಶ್ವರದಲ್ಲಿ ಅವರಿಗೊಬ್ಬ ದೋಸ್ತ ಇದ್ದ. ಗಡಿಯಾರ, ಸ್ಟೋವು, ಹೊಲಿಗೆ ಯಂತ್ರ ದುರಸ್ತಿ ಮಾಡುವ ಸಾಬರ ಮನೆಯ ಹುಡುಗ. ವಾಯುದಳಕ್ಕೆ ಸೇರಲು ಹೊರಟಾಗ ಇಬ್ಬರೂ ಒಂದೇ ರೈಲಿನ ಡಬ್ಬಿಯಲ್ಲಿ ಗುರುತಾದವರು. ಪರದೇಶದಂಥ ಆ ಜಾಗದಲ್ಲಿ ಕನ್ನಡ ಮಾತಾಡಲು ಇವರಿಗೆ ಅವನು, ಅವನಿಗೆ ಇವರು. ಇವರು ಗನ್ನರ್ ಆದರು. ಅವನು ಬಂದೂಕು ತೊಳೆದು, ಎಣ್ಣೆ ಹಾಕಿ, ಗುಂಡು ತುಂಬಿ ಕೊಡುವ ಕೆಲಸದಲ್ಲಿ ನಿಂತ. ಇವರು ಹಾರಿದ್ದು ಹೆಚ್ಚಾಗಿ ಅವನು ಸಜ್ಜು ಮಾಡಿದ ಬಂದೂಕಿನ ಹಿಂದೆ ಕೂತು.

"ಅವತ್ತ ನಾವು ಬಾಂಬು ಹಾಕಿ ಹೊಳ್ಳಿ ಬರ್ತಿದ್ವಿ" ಅಂದರು. "ಕೆಳಗಿಂದ ಹೊಡದ ಗುಂಡು ಪೈಲಟನ ತೊಡಿಗೆ ಬಡೀತು. ಅಂವ ಪಂಜಾಬಿ ಹುಡುಗ, ನನಗಿಂತ ಸಣ್ಣಾಂವ. ಅಷ್ಟರಾಗ ಹಿಂದ ಒಂದು ಜಪಾನಿ ವಿಮಾನ ಬಂತು. ನಾ ಹೊಡೀಲಿಕ್ಕೆ ಹೋದೆ. ಗನ್ನು ಎರಡು ಸಲ ಕೆಮ್ಮಿ ನಿಂತುಬಿಡ್ತು."

"ನಿಂತುಬಿಡ್ತು ಅಂದ್ರ?"

"ಸಿಕ್ಕೊಂತು. ಜಗ್ಗಿದೆ, ಬಡದೆ, ಏನೂ ಆಗಲಿಲ್ಲ. ಅವಗ ಗೊತ್ತಾಗಬಾರದಂತ ಕೆಟ್ಟು ನಿಂತ ಗನ್ನ ಅವನ ಕಡೆ ತಿರುವಿಕೋತ ಕುಂತೆ. ನಮ್ಮ ಪೈಲಟ್ ಮೋಡದಾಗ ನುಗ್ಗಿಸಿದ. ಹೊರಗ ಬಂದು ನೋಡಿದ್ರ ಅಂವ ಇರಲಿಲ್ಲ."

ಕಷ್ಟ ಶುರುವಾದದ್ದು ಆಮೇಲೆ. ರಕ್ತ ಹೋಗಿ ಹೋಗಿ ಪೈಲಟನಿಗೆ ಜೋಂಪು ಹತ್ತಿತ್ತು. ಇವರಿಗೆ ವಿಮಾನ ನಡೆಸಲು ಬರದು, ಮುಂದೆ ಏನಾಗುತ್ತಿದೆ ಅಂತ ಕಾಣದು. ಕಾಣುವುದು ಹಿಂದೆ ಸರಿಯುವ ಕಾಡು ಮಾತ್ರ. ಕಿವಿಗೆ ಹಾಕಿಕೊಂಡ ತಂತಿಯ ಮೂಲಕ ಅವನ ಉಸಿರಾಟ ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿದರೆ ಇಬ್ಬರೂ ಸತ್ತ ಹಾಗೆ. ಅದಕ್ಕೆ ಇವರು ಮಾತಾಡತೊಡಗಿದರು, ಬಂದಷ್ಟು ಹಿಂದುಸ್ತಾನಿಯಲ್ಲಿ.

"ಏನಂತ ಮಾತಾಡಿದ್ರಿ ಮಾಮಾರ?"

"ಮಾತಾಡಾಕ ಏನು ಗೊತ್ತಿತ್ತು ನನಗ? ಸೀರಿ ನೇಯೂದು ಹೇಳಿದೆ. ನಿನ್ನ ತಾಯಿಗೆ ಒಂದು ಸೀರಿ ನೇದು ಕೊಡ್ತೀನಿ, ಬಣ್ಣ ಹೇಳು ಅಂದೆ. ಮೈ ಯಾವ ಬಣ್ಣ? ದಡಿ ಯಾವ ಬಣ್ಣ? ಸೆರಗಿಗೆ ಏನು ಹಾಕ್ಲಿ? ಅಂವ ಉತ್ತರ ಕೊಡೂ ತನಕ ಬಿಡಲಿಲ್ಲ. ಸುಮ್ಮಾದ ಅಂದ್ರ ಬೈತಿದ್ದೆ. ಮೇಲಿನವರಿಗೆ ಹಂಗೆಲ್ಲ ಬೈಯಾಂಗಿಲ್ಲ. ಬೈದೆ."

"ಅಂವ ಯಾವ ಬಣ್ಣ ಹೇಳಿದ?"

ಮಾವ ಸ್ವಲ್ಪ ನಕ್ಕರು. "ಹಸರು ಮೈ, ನೀಲಿ ದಡಿ, ಸೆರಗು ಹಳದಿ, ನಡುವ ಗುಲಾಬಿ ಪಟ್ಟಿ. ಅಂಥಾ ಸೀರಿ ಯಾರೂ ಉಡಾಂಗಿಲ್ಲವಾ. ತಲಿ ತಿರಗಿದವರು ಆರಿಸೋ ಬಣ್ಣ."

ವಿಮಾನ ನೆಲಕ್ಕೆ ಹೊಟ್ಟೆ ಕೆರೆದುಕೊಂಡೇ ಇಳಿಯಿತು. ಬೆಂಕಿ ಹತ್ತಿತು. ಇವರು ಪೈಲಟನನ್ನು ಹೊರಗೆಳೆದರು. ಕೈ ಸುಟ್ಟದ್ದು ಆಗ. ಪೈಲಟ್ ಬದುಕಿದ. ಇವನು ಮಾತಾಡದೆ ಇದ್ದರೆ ನಾನು ಸತ್ತಿರುತ್ತಿದ್ದೆ ಅಂತ ಅವನೇ ಮೇಲಿನವರಿಗೆ ಹೇಳಿದ. ಜಪಾನಿ ವಿಮಾನವನ್ನು ಇವರೇ ಗುಂಡು ಹಾರಿಸಿ ಓಡಿಸಿದರು ಅಂತ ಮೇಲಿನವರು ತಾವೇ ತಿಳಿದುಕೊಂಡರು. ಬಂದೂಕು ಬೆಂಕಿಯಲ್ಲಿ ಸುಟ್ಟುಹೋಗಿತ್ತು, ನೋಡಲು ಏನೂ ಉಳಿದಿರಲಿಲ್ಲ.

"ಗನ್ನು ಸಿಕ್ಕೊಂಡಿತ್ತು ಅಂತ ಹೇಳಿದ್ರ ಕೇಸು ನನ್ನ ದೋಸ್ತನ ಮ್ಯಾಲ ಬರ್ತಿತ್ತು" ಅಂದರು. "ಹಿಂದಿನ ದಿನ ಸಂಜಿಕ ಅಂವ ಗನ್ನ ಒರಸೂದು ನನ್ನ ಕಣ್ಣಿಂದ ನೋಡಿದ್ದೆ. ಅದಕ್ಕ ಸುಮ್ಮನಾದೆ. ಪದಕ ತಗೊಂಡೆ. ಆಮ್ಯಾಲ ಅವನ ಮಾರಿ ನೋಡಾಕ ಆಗಲಿಲ್ಲ. ನೋಡಿದ್ರ ಅವಗ ಗೊತ್ತಾಗ್ತಿತ್ತು, ಅಂವ ತುಂಬಿ ಕೊಟ್ಟ ಗನ್ನು ನನಗ ಕೈ ಕೊಟ್ಟಿತ್ತು ಅಂತ. ಈಗ ಆ ಪತ್ರಿಕಿಯಂವ ಕೇಳ್ತಾನ. ಹೇಳೂದಾದ್ರ ಮೊದಲ ನನ್ನ ದೋಸ್ತನ್ನ ಕೇಳಬೇಕು."

ಲಕ್ಷ್ಮೇಶ್ವರದಲ್ಲಿ ಬಸ್ಸು ಇಳಿದಾಗ ಮಾವನ ಮುಖದ ಮೇಲೆ ಬೆವರು. ಅಂಗಡಿ ಬಜಾರಿನಲ್ಲೇ ಇತ್ತು. ದೋಸ್ತನ ತಮ್ಮನ ಮಗ ಅಲ್ಲಿ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. "ದೊಡ್ಡಪ್ಪ ಈ ಊರು ಬಿಟ್ಟು ಭಾಳ ದಿನಾ ಆತ್ರಿ. ಶಿರಹಟ್ಟ್ಯಾಗ ಮಗನ ಕಡೆ ಅದಾರ್ರಿ" ಅಂದ. ಅವನು ಚಹಾ ತರಿಸುವೆ ಅಂದರೂ ಮಾವ ನಿಲ್ಲಲಿಲ್ಲ. ಶಿರಹಟ್ಟಿಗೆ ಟೆಂಪೋ ಹತ್ತಿದೆವು. ಅಲ್ಲಿ ಮನೆ ಹುಡುಕಿದರೆ ಸೊಸೆ ಬಾಗಿಲಲ್ಲಿ ನಿಂತು, "ಅವರು ಮುಂಡರಗಿಗೆ ಮಗಳ ಮನಿಗೆ ಹೋಗ್ಯಾರ್ರಿ. ಅಲ್ಲೇ ಇರ್ತಾರ ಹೆಚ್ಚಾಗಿ" ಅಂದಳು.

ಬಿಸಿಲು ನೆತ್ತಿಗೆ ಬಂದಿತ್ತು. "ಮನಿಗೆ ಹೋಗಿ ಇನ್ನೊಂದು ದಿನಾ ಬರೂನೇನ್ರಿ?" ಅಂದೆ.

"ಇವತ್ತ ಹೊಳ್ಳಿ ಹೋದ್ರ ಮತ್ತ ಬರಾಕ ನನ್ನಿಂದ ಆಗೂದಿಲ್ಲವಾ" ಅಂದರು.

ಬೆಳ್ಳಟ್ಟಿಯಲ್ಲಿ ಬಸ್ಸು ಬದಲಿಸಲು ಕಾಯಬೇಕಾಯಿತು. ಅಲ್ಲಿಯ ಒಬ್ಬ ಅಂಗಡಿಕಾರ ಹಳೆಯ ಸೀರೆ ವ್ಯಾಪಾರದ ಗುರುತು ಹಿಡಿದು ಕರೆದ. ಮಾವನಿಗೆ ಅವನ ಮಾತು ಕಿವಿಗೇ ಹೋಗಲಿಲ್ಲ. ರಸ್ತೆಯ ಈ ದಂಡೆಯಿಂದ ಆ ದಂಡೆಗೆ ನಡೆಯುತ್ತಲೇ ಇದ್ದರು. ನಾನು ಗಿಡದ ನೆರಳಲ್ಲಿ ಚೀಲ ಹಿಡಿದು ಕೂತು ನೋಡಿದೆ. ಈ ಮನುಷ್ಯನನ್ನು ಇಷ್ಟು ವರ್ಷ ತಿರುಗಾಡಿಸಿದ್ದು ಏನು ಅಂತ ಆಗ ನನಗೆ ತಿಳಿಯುತ್ತಿದೆ ಅನ್ನಿಸಿತು. ಪೂರಾ ತಿಳಿದಿರಲಿಲ್ಲ.

ಮುಂಡರಗಿಯ ಮನೆಯಲ್ಲಿ ದೋಸ್ತ ಅಂಗಳದ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬಿಳಿ ಗಡ್ಡ, ತಲೆಗೆ ಟೋಪಿ, ದಪ್ಪ ಚಷ್ಮಾ. ಮಾವ ಬಾಗಿಲಲ್ಲಿ ನಿಂತರು. ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಮುಖ ನೋಡಿ ಗುರುತು ಹತ್ತಲಿಲ್ಲ. ಸುಟ್ಟ ಕೈ ಕಂಡ ಮೇಲೆ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು.

"ಬಂದ್ಯಾ?" ಅಂದರು. "ಪದಕದಂವ ಬಂದ."

ಮಾವ ಹೊರಸಿನ ತುದಿಗೆ ಕೂತರು. ದಾರಿಯಲ್ಲಿ ನನಗೆ ಹೇಳಿದ್ದೆಲ್ಲವನ್ನೂ ಅವರಿಗೂ ಹೇಳಿದರು. ಗನ್ನು ನಿಂತದ್ದು, ತಾನು ಯಾರಿಗೂ ಹೇಳದ್ದು, ಈಗ ಹೇಳಬೇಕಾಗಿ ಬಂದದ್ದು. ತಲೆ ತಗ್ಗಿಸಿಯೇ ಹೇಳಿದರು. "ನಿನ್ನ ಹೆಸರು ತಗ್ಯಾಂಗಿಲ್ಲ. ಆದ್ರೂ ನಿನ್ನ ಕೇಳಿ ಹೇಳಬೇಕಂತ ಬಂದೀನಿ."

ದೋಸ್ತ ಚಷ್ಮಾ ತೆಗೆದು ಒರೆಸಿಕೊಂಡರು. "ಆ ದಿನಾ ನಾ ಗನ್ನ ತುಂಬಿಲ್ಲಲೇ" ಅಂದರು.

"ಸಂಜಿಕ ನೋಡಿದ್ನಲ್ಲ?"

"ಸಂಜಿಕ ಒರಸ್ತಿದ್ದೆ ಖರೆ. ಅರ್ಧಕ್ಕ ಚಳಿ ಹತ್ತಿತು. ಮಲೇರಿಯಾ. ನನ್ನ ಎತ್ತಿ ದವಾಖಾನಿಗೆ ಒಯ್ದರು. ಬಿಚ್ಚಿಟ್ಟ ಗನ್ನ ಮುಂಜಾನಿ ಬ್ಯಾರೆ ಯಾರೋ ಜೋಡಿಸ್ಯಾರ. ನೀ ಸುಟ್ಟು ಬಂದಿದ್ದು ನನಗ ಗೊತ್ತಾಗಿದ್ದು ಜ್ವರ ಇಳದ ಮ್ಯಾಲ. ಅಷ್ಟರಾಗ ನಿನ್ನ ದೊಡ್ಡ ದವಾಖಾನಿಗೆ ಕಳಿಸಿಬಿಟ್ಟಿದ್ರು."

ಮಾವ ತಮ್ಮ ಸುಟ್ಟ ಕೈಯನ್ನೇ ನೋಡಿಕೊಂಡರು.

"ಲಡಾಯಿ ಮುಗಿದ ಮ್ಯಾಲ ನಾ ಬೆಟಗೇರಿಗೆ ಬಂದಿದ್ದೆ" ಅಂದರು ದೋಸ್ತ. ದನಿ ಸಣ್ಣದಾಗುತ್ತ ಹೋಯಿತು. "ನಿಮ್ಮಣ್ಣ ಮನ್ಯಾಗಿಲ್ಲ ಅಂದ. ಹಿತ್ತಲದಾಗ ಕೆರದ ಸಪ್ಪಳ ಕೇಳ್ತಿತ್ತು. ಪದಕ ಬಂತು, ದೊಡ್ಡ ಮನಷ್ಯಾ ಆದ, ಗನ್ನ ತೊಳ್ಯಾಂವ ಯಾಕ ಬೇಕು ಅಂತ ತಿಳಕೊಂಡೆ. ಮತ್ತ ಆ ಕಡೆ ಹಾಯಲಿಲ್ಲ."

"ನಾ ನಿನ್ನ ಉಳಸಬೇಕಂತ…"

"ನಾ ತಪ್ಪು ಮಾಡೀನಿ ಅಂತ ನೀನ ತೀರ್ಪು ಕೊಟ್ಟಿ, ನೀನ ಮಾಫಿ ಮಾಡಿದಿ. ನಡುವ ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲ ನಿನಗ?"

ಅವರು ಸಿಟ್ಟಿನಿಂದ ಎದ್ದು ನಮಾಜಿನ ಹೊತ್ತಾಯಿತೆಂದು ಹೊರಗೆ ನಡೆದುಬಿಟ್ಟರು. ಹೊರಸಿನ ಮೇಲೆ ಮಾವ ಒಬ್ಬರೇ. ನನಗೆ ಏನು ಮಾಡಬೇಕು ತಿಳಿಯಲಿಲ್ಲ. ಮನೆಯ ಮಗಳು ಒಳಗಿಂದ ನೀರು ತಂದು ಕೊಟ್ಟು, "ನಮ್ಮ ಅಬ್ಬಾ ಹಂಗ ಅದಾರ್ರಿ ಅಕ್ಕಾರ. ಕುಂಡ್ರಿ, ಬರ್ತಾರ" ಅಂದಳು. ಕೂತೆವು. ಆ ಹೊತ್ತಿನಲ್ಲಿ ಮಾವ ಏಳಲಿಲ್ಲ, ಬಾಗಿಲ ತನಕ ಹೋಗಲಿಲ್ಲ. ನೆಲ ನೋಡುತ್ತ ಕೂತೇ ಇದ್ದರು. ಅವರು ಹಾಗೆ ಅಲುಗಾಡದೆ ಕೂತದ್ದನ್ನು ನೋಡಿ ನನಗೆ ಅಂಜಿಕೆಯಾಯಿತು.

ದೋಸ್ತ ಹೊಳ್ಳಿ ಬಂದರು. ಮಾವನ ಕಡೆ ನೋಡದೆ ಮಗಳಿಗೆ ಹೇಳಿದರು, "ಇವರಿಬ್ಬರಿಗೂ ರೊಟ್ಟಿ ಹಾಕು. ಮುಂಜಾನಿಂದ ಉಂಡಿಲ್ಲ, ಮಾರಿ ನೋಡಿದ್ರ ಗೊತ್ತಾಗತೈತಿ." ನಾವು ಹೊರಟಾಗ ಬಸ್ ಸ್ಟ್ಯಾಂಡಿನ ತನಕ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, "ಪೇಪರಿನಾಂವಗ ಎಲ್ಲಾ ಹೇಳು. ನನ್ನ ಹೆಸರೂ ಹಾಕು. ನಾ ಏನೂ ಮಾಡಿಲ್ಲ, ನನಗೇನಂಜಿಕಿ" ಅಂದರು.

ಪತ್ರಿಕೆಯವನು ಬಂದಾಗ ಮಾವ ಎಲ್ಲವನ್ನೂ ಹೇಳಿದರು. ಈ ಸಲ ನನ್ನ ಗಂಡ ಪಕ್ಕದಲ್ಲೇ ಕೂತು ಕೇಳಿದರು. ಸೀರೆಯ ಬಣ್ಣದ ಮಾತು ಬಂದಾಗ ಅವರು ಎದ್ದು ಒಳಗೆ ಬಂದರು. ಕಣ್ಣು ಒರೆಸಿಕೊಳ್ಳುತ್ತ, "ಹೊಗಿ ಭಾಳ ಆಗೇತಿ ಇಲ್ಲಿ" ಅಂದರು. ಒಲೆ ಹೊತ್ತಿಸಿಯೇ ಇರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಸಣ್ಣ ಸುದ್ದಿ, ಮೂಲೆಯಲ್ಲಿ. ಓದಿದವರು ಕಡಿಮೆ. ಚಹಾದ ಅಂಗಡಿಯಲ್ಲಿ ಮೂರು ವಿಮಾನದ ಕತೆಯೇ ಉಳಿಯಿತು.

ಗೆಳೆತನ ಕೂಡಿತೇ ಅಂತ ಕೇಳಿದರೆ ಹೌದು ಅನ್ನಲು ನನಗೆ ಬಾಯಿ ಬರುವುದಿಲ್ಲ. ದೋಸ್ತ ಬೆಟಗೇರಿಗೆ ಬಂದರು, ಮಾವ ಮುಂಡರಗಿಗೆ ಹೋದರು. ಬಿಂಕದಕಟ್ಟಿಯ ಮೃಗಾಲಯ ನೋಡಲು ಒಮ್ಮೆ ಇಬ್ಬರೂ ನಮ್ಮನ್ನೆಲ್ಲ ಕರೆದುಕೊಂಡು ಹೊರಟು, ದಾರಿಯಲ್ಲೇ ಜಗಳಾಡಿ ದೋಸ್ತ ಅರ್ಧಕ್ಕೆ ಇಳಿದು ಹೋದರು. ಜಗಳ ಯಾವತ್ತೂ ಬೇರೆ ವಿಷಯಕ್ಕೆ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಅನ್ನುವಂಥದ್ದಕ್ಕೆ. ಒಳಗಿದ್ದದ್ದು ಒಂದೇ. ಕಳೆದುಹೋದ ವರ್ಷಗಳನ್ನು ಯಾರು ಯಾರಿಗೆ ತಿರುಗಿ ಕೊಡಬೇಕು ಅನ್ನುವುದು ಇಬ್ಬರಿಗೂ ತಿಳಿಯಲಿಲ್ಲ. ಜಗಳಾಡಿ ಹೋದವರು ಮುಂದಿನ ತಿಂಗಳು ಏನೂ ಆಗಿಲ್ಲವೆನ್ನುವ ಹಾಗೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಾವ ಅವರ ಮುಂದೆ ಅಡ್ಡಾಡುತ್ತ, "ಕುಂಡ್ರಲೇ, ನನ್ನ ತಲಿ ತಿರಗತೈತಿ" ಅಂತ ಬೈಸಿಕೊಳ್ಳುತ್ತಿದ್ದರು.

ಕೆಲವು ವರ್ಷ ಹೀಗೇ ನಡೆಯಿತು. ಮಾವ ಒಂದು ಮುಂಜಾನೆ ಹಿತ್ತಲಿಗೆ ಹೋದವರು ಅಲ್ಲೇ ಕುಸಿದರು. ದವಾಖಾನೆಗೆ ಒಯ್ಯುವುದರೊಳಗೆ ಮುಗಿದಿತ್ತು. ಮುಂಡರಗಿಗೆ ಫೋನ್ ಮಾಡಿದೆವು. ದೋಸ್ತ ಮಗಳ ಕೈ ಹಿಡಿದುಕೊಂಡು ಬಂದರು. ಹೆಣದ ಹತ್ತಿರ ಕೂತು, ಆ ಮಡಚಿದ ಬೆರಳುಗಳ ಮೇಲೆ ತಮ್ಮ ಕೈ ಇಟ್ಟುಕೊಂಡು ಬಹಳ ಹೊತ್ತು ಇದ್ದರು. ನಮ್ಮ ಹಿರಿಯರು ಹೊತ್ತಾತು ಅಂದರು. ನನ್ನ ಗಂಡ ಅವರನ್ನು ತಡೆದರು.

"ಇರ್ಲಿ" ಅಂದರು. "ಅವಸರ ಏನಿಲ್ಲ."

ದೋಸ್ತ ಬಾಗಿ ಮಾವನ ಕಿವಿಯ ಹತ್ತಿರ ಏನೋ ಹೇಳಿದರು. ಕನ್ನಡವೋ ಹಿಂದುಸ್ತಾನಿಯೋ ತಿಳಿಯಲಿಲ್ಲ. ನಾನು ಹತ್ತಿರದಲ್ಲೇ ಇದ್ದೆ. ಆದರೆ ಹೆಂಗಸರ ಅಳುವಿನಲ್ಲಿ ನನಗೆ ಅದು ಕೇಳಲಿಲ್ಲ. ಆಮೇಲೆ ಕೇಳಲು ಮನಸ್ಸೂ ಬರಲಿಲ್ಲ.